ಒಂದೂವರೆ ಎಳೆಯ ಸಂಶೋಧನೆ

ಸಪ್ಪಗಿರುವುದನ್ನು ಸಿಹಿ ಮಾಡಲು ಲೋಕವೆಲ್ಲ ಹೆಣಗುತ್ತದೆ. ಸಿಹಿಯನ್ನು ಸಪ್ಪಗೆ ಮಾಡಲು ಹೆಣಗಿದವಳು, ನಾನು ಕಂಡ ಮಟ್ಟಿಗೆ, ನಮ್ಮ ಚಿಗವ್ವ ಒಬ್ಬಳೇ! ಚಿಗವ್ವ ಅಂದರೆ ನನ್ನ ಅವ್ವನ ತಂಗಿ. ಅವಳ ಕೈಗೆ ಪಾವು ಕಿಲೋ ಸಕ್ಕರೆ ಕೊಟ್ಟು ಮೂರು ದಿನ ಬಿಟ್ಟು ಹೋದರೆ ಸಕ್ಕರೆ ಇರುತ್ತಿರಲಿಲ್ಲ. ನೆಗಡಿ ಬಂದ ಕೂಸಿನ ಮೂಗಿನಿಂದ ಇಳಿಯುವಂಥ ಒಂದು ಲೋಳೆ ಇರುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು "ಎಷ್ಟ್ ಛಂದ ಅದ ನೋಡೋ!" ಎನ್ನುತ್ತಿದ್ದಳು. ರೇಶನ್ ಅಂಗಡಿಯ ಮುಂದೆ ಸಕ್ಕರೆಗಾಗಿ ಜನ ಸಾಲು ನಿಲ್ಲುತ್ತಿದ್ದ ಕಾಲ ಅದು. ಓಣಿಯ ಹೆಂಗಸರು ಅವಳಿಗೆ "ಸಕ್ಕರಿ ಕೆಡಸೋ ಬಾಯಿ" (ಬಾಯಿ ಅಂದರೆ ನಮ್ಮ ಕಡೆ ಅಮ್ಮಾವ್ರು) ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನಿದೆ?

ಮೊದಲು ಸಂಗತಿಗಳನ್ನು ಹೇಳಿಬಿಡುತ್ತೇನೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಚಿಗವ್ವ ಕಲಬುರಗಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಳು. ಡಾಕ್ಟರೇಟಿಗೆ ಹೆಸರು ನೋಂದಾಯಿಸಿ ಐದು ವರ್ಷ ಕಳೆದಿದ್ದವು. ಏಳನೆಯ ವರ್ಷದ ಮಾರ್ಚ್ ಕೊನೆಯೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದಾಗಿ ಮತ್ತೆ ಮೊದಲಿನಿಂದ ಶುರು ಮಾಡಬೇಕಿತ್ತು. ಮದುವೆಯ ಮಾತು ಎತ್ತಿದವರಿಗೆಲ್ಲ "ಇದೊಂದು ಮುಗೀಲಿ" ಎಂದು ಹೇಳಿ ಕಳಿಸುತ್ತಿದ್ದಳು. ಮದುವೆಯ ಮಾತು ಮೊದಲು ಮುಗಿಯಿತು. ನಾನು ಅದೇ ಊರಿನ ಪತ್ರಿಕೆಯೊಂದರಲ್ಲಿ ಹೊಸ ವರದಿಗಾರ, ಅವಳ ಮನೆಯ ಹೊರಕೋಣೆಯಲ್ಲಿ ನನ್ನ ಠಿಕಾಣಿ.

ಸಂಶೋಧನೆ ಶುರುವಾದದ್ದು ಬಸ್‌ಸ್ಟ್ಯಾಂಡಿನ ಎದುರಿನ ಕಬ್ಬಿನ ಹಾಲಿನ ಗಾಡಿಯ ಹತ್ತಿರ. ಕಬ್ಬಿನ ಹಾಲು ಎರಡು ದಿನ ಉಳಿದರೆ ಲೋಳೆಯಾಗಿ ನೂಲು ಬಿಡುತ್ತದೆ. ಕಣ್ಣಿಗೆ ಕಾಣದ ಒಂದು ಜೀವಿ ಮಾಡುವ ಕೆಲಸ ಅದು. ಚಿಗವ್ವನಿಗೆ ಬೇಕಾಗಿದ್ದದ್ದು ಆ ಜೀವಿ. ಒಂದು ದಿನ ಸಂಜೆ ನನ್ನನ್ನೂ ಕರೆದುಕೊಂಡು ಗಾಡಿಯ ಮುಂದೆ ಹೋಗಿ ನಿಂತಳು.

"ಭಾಯಿ, ನಿನ್ನಿ ಹಾಲು ಉಳದದ ಏನ್ರಿ?"

"ತಾಜಾ ಅದ ಬಾಯಿ. ಈಗೇ ತಗದೀನಿ."

"ತಾಜಾ ಬ್ಯಾಡ್ರಿ, ಬಾಸಿ ಬೇಕು. ನೂಲ್ ಬಿಟ್ಟಿರಬೇಕು, ವಾಸನಿ ಹೊಡೀತಿರಬೇಕು."

"ತೌಬಾ ತೌಬಾ! ಬಾಸಿ ಮಾಲ್ ಅಪನ್ ರಖತೇಚ್ ನೈ ಬಾಯಿ, ಇಡೋದೇ ಇಲ್ರಿ!"

ಆತ ಅವಳ ಕನ್ನಡಕ ನೋಡಿದ, ಹೆಗಲ ಚೀಲ ನೋಡಿದ, ಪಕ್ಕದಲ್ಲಿ ಪೆನ್ನು ಹಿಡಿದು ನಿಂತ ನನ್ನನ್ನು ನೋಡಿದ. ನಗರಸಭೆಯ ಆರೋಗ್ಯ ಇಲಾಖೆ ಬಂದಿದೆ ಎಂದು ತೀರ್ಮಾನಿಸಿದ. ಲಿಂಬೆ, ಶುಂಠಿ ಹಿಂಡಿದ ಎರಡು ದೊಡ್ಡ ಗ್ಲಾಸು ನಮ್ಮ ಕೈಗೆ ಬಂದವು. ದುಡ್ಡು ಕೊಡಹೋದರೆ ಕೈ ಮುಗಿದ. ಮೂರು ದಿನ ಇದೇ ನಡೆಯಿತು. ಚಿಗವ್ವ ಹಾಳಾದದ್ದನ್ನು ಕೇಳುವುದು, ಆತ ಒಳ್ಳೆಯದನ್ನು ಕುಡಿಸುವುದು! ನಾಲ್ಕನೆಯ ದಿನ ಬೇಸತ್ತು ಹಾಲು ಸೋಸುವ ಅರಿವೆಯನ್ನೇ ಬಿಚ್ಚಿ ಅವಳ ಕೈಗಿಟ್ಟ. "ಇದೊಂದು ಒಯ್ಯಿರಿ ಬಾಯಿ, ಇದೊಂದೇ ಹಳೇದು ನಮ್ಮ ಹತ್ರ. ಹೊಟ್ಟಿ ಮ್ಯಾಗ ಹೊಡೀಬ್ಯಾಡ್ರಿ."

ಮನೆಗೆ ಬಂದು ಆ ಅರಿವೆಯನ್ನು ಸಕ್ಕರೆ ನೀರಿನಲ್ಲಿ ಅದ್ದಿದಳು. ಮರುದಿನ ಬೆಳಗಾಗುವುದರಲ್ಲಿ ನೀರು ಗಂಜಿಯಾಗಿತ್ತು. ಮೂರು ದಿನ ನಾವು ಮೆಚ್ಚಿ ಮೆಚ್ಚಿ ಕುಡಿದ ತಾಜಾ ಹಾಲು ಯಾವುದರಲ್ಲಿ ಸೋಸಿದ್ದು ಎಂದು ನನಗೆ ಆಗ ಹೊಳೆಯಿತು. ಚಿಗವ್ವನಿಗೆ ಅದು ಮೊದಲ ದಿನವೇ ಹೊಳೆದಿತ್ತು. "ಹೇಳಿದ್ರ ನೀ ಕುಡೀತಿದ್ದಿಲ್ಲ. ಕುಡೀಲಿಲ್ಲಂದ್ರ ಅವಗ ಬ್ಯಾಸರಾಗ್ತಿತ್ತು" ಎಂದಳು.

ಈ ಜೀವಿ ಒಂದು ಕಿಣ್ವವನ್ನು ಹೊರಗೆ ಬಿಡುತ್ತದಂತೆ. ಸಕ್ಕರೆಯನ್ನು ಲೋಳೆ ಮಾಡುವುದು ಆ ಕಿಣ್ವ. ಹೇಗೆ ಎಂದು ನಾನು ಕೇಳಿದೆ. ಕೇಳಬಾರದಿತ್ತು. ಚಿಗವ್ವ ನನ್ನನ್ನು ಶರಣಬಸವೇಶ್ವರ ಗುಡಿಯ ಮುಂದಿನ ಹೂವಿನ ಸಾಲಿಗೆ ಕರೆದೊಯ್ದಳು. ಅಲ್ಲೊಬ್ಬ ಹೆಂಗಸು ಕೈ ನೋಡದೆ, ನಮ್ಮೊಡನೆ ಮಾತಾಡುತ್ತಲೇ, ಮಲ್ಲಿಗೆ ಕಟ್ಟುತ್ತಿದ್ದಳು.

"ನೋಡು, ಇವರೇ ಕಿಣ್ವ" ಎಂದಳು ಚಿಗವ್ವ. "ಸಕ್ಕರಿ ಅಂದ್ರ ಜೋಡಿ ಹೂವು. ಜೋಡಿ ಮುರೀತಾರ, ಒಂದು ಒಗೀತಾರ, ಒಂದು ದಾರಕ್ಕ ಕಟ್ತಾರ. ಹಿಂಗ ಸಾವಿರಾರು ಕಟ್ಟಿದ್ರ ಉದ್ದನ ಮಾಲಿ. ಉದ್ದನ ಮಾಲಿ ನೀರಾಗ ಸಿಕ್ಕಾಪಟ್ಟಿ ಸಿಕ್ಕೊಂಡ್ರ ಲೋಳಿ."

"ಹಂಗಾರ ನಿನ್ನ ಕೆಲಸ ಏನು?"

"ಇವರ ಬೆರಳಿಗಿ ಬಟ್ಟಿ ಕಟ್ಟೋದು! ಕಿಣ್ವದ ಮೈಯಾಗ ಒಂದೆರಡು ಕಡಿ ಔಷಧಿ ಅಂಟಿಸ್ತೀನಿ. ಕೆಲಸ ನಿಲ್ಲಬಾರದು, ಆದ್ರ ಕೈ ಬದಲಾಗಬೇಕು. ಆಗ ಮಾಲಿ ಗಿಡ್ಡ ಬರ್ತದೋ, ಉದ್ದ ಬರ್ತದೋ, ಅದೇ ನನ್ನ ಪ್ರಶ್ನಿ." ಉದ್ದ ಮಾಲೆ ರಕ್ತ ಹೋದವರಿಗೆ ಕೊಡುವ ದ್ರವಕ್ಕೆ ಬರುತ್ತದೆ, ಗಿಡ್ಡದು ಹೊಟ್ಟೆಗೆ ಒಳ್ಳೆಯದು ಎಂದೂ ಸೇರಿಸಿದಳು. ಹೇಳಿ ಅಷ್ಟಕ್ಕೇ ಬಿಡುವ ಜಾತಿಯೇ ಅದು? ಚೀಲದಿಂದ ಬಟ್ಟೆಯ ಚೂರು ತೆಗೆದಳು. "ಯಕ್ಕಾ, ತೋರಬೆರಳಿಗಿ ಇದೊಂದು ಸುತ್ತಕೊಂಡು ಒಂದ್ ಮೊಳ ಕಟ್ಟಿ ತೋರಸ್ರಿ."

ಹೂವಿನಾಕೆ ಕಟ್ಟುವುದನ್ನು ನಿಲ್ಲಿಸಿದಳು. "ತಲಿ ಸರಿ ಅದ ಏನ್ರಿ ನಿಮ್ಮದು?"

ಒಂದು ಮೊಳಕ್ಕೆ ಎರಡು ಮೊಳದ ದುಡ್ಡು ಕೊಡುತ್ತೇನೆಂದ ಮೇಲೆ ತಲೆಯ ಪ್ರಶ್ನೆ ಬಿಟ್ಟು ಬಟ್ಟೆ ಸುತ್ತಿಕೊಂಡಳು. ಗೇಣುದ್ದ ಕಟ್ಟುವಷ್ಟರಲ್ಲಿ ಗಂಟು ಜಾರಿ ಹೂವೆಲ್ಲ ಮಡಿಲಿಗೆ ಬಿದ್ದವು. ಚಿಗವ್ವನಿಗೆ ಹಬ್ಬ! "ನೋಡಿದೇನೋ? ಗೇಣು!" ಎಂದು ಆ ತುಂಡನ್ನೇ ತಲೆಗೆ ಮುಡಿದು ಕಾಲೇಜಿಗೆ ಹೋದಳು.

ಇಷ್ಟೆಲ್ಲ ಸರಿ. ಮಾಲೆ ಗಿಡ್ಡ ಬಂತೋ ಉದ್ದ ಬಂತೋ ಎಂದು ಅಳೆಯುವುದು ಹೇಗೆ? ಮಾಲೆ ಉದ್ದವಾದಷ್ಟೂ ಲೋಳೆ ದಪ್ಪ, ಆ ದಪ್ಪ ಅಳೆಯಲು ಒಂದು ಗಾಜಿನ ನಳಿಗೆ ಬೇಕು. ಇದ್ದ ಒಂದೇ ನಳಿಗೆ ತೊಳೆಯುವಾಗ ಒಡೆದಿತ್ತು. ಹೊಸದಕ್ಕೆ ಕೊಟ್ಟ ಅರ್ಜಿ ಆಫೀಸಿನ ಕಪಾಟಿನಲ್ಲಿ, ಅವಳ ಕಿಣ್ವ ಫ್ರಿಜ್ಜಿನಲ್ಲಿ ಕೂತದ್ದಕ್ಕಿಂತ ತಣ್ಣಗೆ ಕೂತಿತ್ತು. ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ದೊಡ್ಡ ಯಂತ್ರವಿತ್ತು. ಬಹಳ ಕೇಳಿಕೊಂಡ ಮೇಲೆ ಅವರು ಒಂದೇ ಒಂದು ಮಾದರಿ ನೋಡಿಕೊಡಲು ಒಪ್ಪಿದ್ದರು. ಚಿಗವ್ವನ ಹತ್ತಿರ ಇದ್ದವು ಹತ್ತಾರು ಮಾದರಿ.

ಅಂಥ ಹೊತ್ತಿನಲ್ಲಿ ಅವಳಿಗೆ ನೆನಪಾದ ಯಂತ್ರವೇ ಕಮಲಾಪುರದ ಆಯಿ, ಅಂದರೆ ಅವಳ ಅವ್ವ, ನನ್ನ ಅಜ್ಜಿ.

ಆಯಿ ಇದ್ದದ್ದು ಮಾಮಾನ ಮನೆಯಲ್ಲಿ. ಮನೆ ತುಂಬ ಜನ, ಪಡಸಾಲೆ ತುಂಬ ಕೆಂಬಾಳೆಯ ಗೊನೆ. ಆಯಿಗೆ ಊರಲ್ಲಿ ಒಂದು ಹುದ್ದೆ ಇತ್ತು. ಯಾರ ಮನೆಯ ಮದುವೆಯಾದರೂ ಲಾಡು ಉಂಡಿಯ ಪಾಕ ನೋಡಲು ಆಕೆಗೇ ಕರೆ ಬರುತ್ತಿತ್ತು. ಕುದಿಯುವ ಪಾಕದ ಒಂದು ಹನಿಯನ್ನು ತೋರಬೆರಳು ಹೆಬ್ಬೆರಳಿನ ನಡುವೆ ಹಿಡಿದು ಮೆಲ್ಲಗೆ ಬಿಡಿಸಿ "ಒಂದೆಳಿ, ಇನ್ನ ಈಟು ಕುದೀಲಿ" ಎಂದರೆ ಮುಗಿಯಿತು, ಬಾಣಸಿಗನೂ ಎದುರು ಮಾತಾಡುತ್ತಿರಲಿಲ್ಲ. ಕಣ್ಣಿಗೆ ಪೊರೆ ಬಂದ ಮೇಲೆ ಕರೆ ಬರುವುದು ನಿಂತಿತು. "ಹಿರೇರಿಗಿ ಯಾಕ ತ್ರಾಸ" ಎಂದು ಜನ ನಯವಾಗಿಯೇ ಬಿಟ್ಟಿದ್ದರು. ಆಯಿಗೆ ಆ ನಯ ಹಿಡಿಸಿರಲಿಲ್ಲ. "ಪಾಕ ಕಣ್ಣಿಲೆ ನೋಡ್ತಾರೇನ? ಬೆರಳಿಲೆ ನೋಡ್ತಾರ!" ಎಂದು ಬಂದವರೆದುರು ಹೇಳಿಕೊಳ್ಳುತ್ತಿದ್ದಳು.

ಆ ಬೆರಳಿಗೆ ಚಿಗವ್ವ ಕೆಲಸ ಹುಡುಕಿದಳು. ಪ್ರತಿ ಐತವಾರ, ಅಂದರೆ ಕಾಲೇಜಿಗೆ ರಜೆಯಿದ್ದ ಭಾನುವಾರ, ಐದು ಸೀಸೆ. ಸೀಸೆಯ ಮೇಲೆ ನಂಬರು ಮಾತ್ರ, ಆ ನಂಬರೂ ಪ್ರತಿ ವಾರ ಅದಲು ಬದಲು. ಯಾವುದರಲ್ಲಿ ಏನಿದೆ ಎಂಬ ಚೀಟಿ ಕಲಬುರಗಿಯ ಕಪಾಟಿನಲ್ಲಿ. ಆಯಿ ಎಳೆ ಎಷ್ಟೆಂದು ಹೇಳಬೇಕು, ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕಾದವನು ನಾನು.

"ನೀನೇ ಬರಕೋಬಾರದೇನು?" ಎಂದೆ.

"ನಾ ಎದುರಿಗಿ ಕುಂತ್ರ ಅವ್ವ ಬೆರಳು ನೋಡಿ ಹೇಳಂಗಿಲ್ಲ, ನನ್ನ ಉಸಿರು ನೋಡಿ ಹೇಳ್ತಾಳ. ನಾ ಹಿಗ್ಗಲಿ ಅಂತ ಸುಳ್ಳೂ ಹೇಳ್ತಾಳ. ನೀ ಇದ್ರ ಆ ಚಿಂತಿ ಇಲ್ಲ, ನಿನ್ನ ಮಾರಿ ಮ್ಯಾಗ ಏನೂ ಕಾಣಂಗಿಲ್ಲ."

ಇದು ಹೊಗಳಿಕೆಯೇ ಎಂದು ನಾನು ಇಂದಿಗೂ ವಿಚಾರಿಸುತ್ತಿದ್ದೇನೆ. ನನ್ನ ವರದಿಗಳನ್ನು ದಿನಾ ಕೆಂಪು ಪೆನ್ಸಿಲಿನಿಂದ ತಿದ್ದಿ ನನ್ನನ್ನು ಈ ಕೆಲಸಕ್ಕೆ ತಯಾರು ಮಾಡಿದವಳೂ ಅವಳೇ. "'ಅಪಾರ ಜನಸ್ತೋಮ' ಅಂತ ಬರ್ದೀದಿ. ಎಣಿಸಿದೇನು?" "ಇಲ್ಲ." "ಹಂಗಾರ 'ಜನ ಇದ್ದರು' ಅಂತ ಬರಿ." ನಮ್ಮ ಸಂಪಾದಕರೂ ಅಷ್ಟು ಬಿಗಿಯಾಗಿರಲಿಲ್ಲ!

ಹುಮನಾಬಾದ್ ಬಸ್ಸಿನಲ್ಲಿ ಸುಮಾರು ತಾಸಿನ ಹಾದಿ. ಬರ್ಫದ ಗಡ್ಡೆ ತುಂಬಿದ ಡಬ್ಬಿಯಲ್ಲಿ ಐದು ಸೀಸೆ ಇಟ್ಟುಕೊಂಡು ಚಿಗವ್ವ ಕಿಟಕಿ ಪಕ್ಕ ಕೂಡುತ್ತಿದ್ದಳು. ಒಮ್ಮೆ ಹಿಂದಿನ ಸೀಟಿನ ಮುದುಕಿ ಬಗ್ಗಿ ನೋಡಿ "ಮೊಣಕಾಲಿನ ದವಾ ಏನ್ರಿ?" ಎಂದಳು. ದವಾ ಎಂಬ ಶಬ್ದ ಕೇಳಿದ್ದೇ ತಡ, ಅರ್ಧ ಬಸ್ಸು ಇತ್ತ ತಿರುಗಿತು. ಚಿಗವ್ವ ಹೂವು, ದಾರ, ಬೆರಳು, ಬಟ್ಟೆ ಎಲ್ಲವನ್ನೂ ಮೊದಲಿನಿಂದ ಹೇಳಿದಳು. ಕಮಲಾಪುರದ ತನಕ ಹೇಳಿದಳು. ಇಳಿಯುವಾಗ ಮುದುಕಿ ನಿಟ್ಟುಸಿರು ಬಿಟ್ಟಳು. "ಅಂದ್ರ ಮೊಣಕಾಲಿಗಿ ಬರಂಗಿಲ್ಲ ಅನ್ರಿ."

"ಇನ್ನೂ ಬರಂಗಿಲ್ಲ" ಎಂದಳು ಚಿಗವ್ವ, ಪೂರ್ತಿ ಗಂಭೀರವಾಗಿ.

ಮಾಮಾನ ಮನೆ ಮುಟ್ಟಿದೊಡನೆ ಅವಳು ಹಿಂದಿನ ಬಾಳೆಯ ತೋಟಕ್ಕೆ ಹೋಗಿ ಕೂಡುತ್ತಿದ್ದಳು. ನಾನೂ ಆಯಿಯೂ ಕಟ್ಟೆಯ ಮೇಲೆ. ಗಾಜಿನ ಕಡ್ಡಿಯಿಂದ ಒಂದೊಂದೇ ಹನಿ ಆಯಿಯ ಬೆರಳಿಗೆ ಇಡುವುದು ನನ್ನ ಕೆಲಸ. ಒಂದು ಕಟ್ಟುನಿಟ್ಟಾದ ನಿಯಮವಿತ್ತು: ಬಾಯಿಗೆ ಹಚ್ಚಬಾರದು, ಆದ ಮೇಲೆ ಸಾಬೂನು ಹಾಕಿ ಕೈ ತೊಳೆಯಬೇಕು. "ಥೂ, ಈ ಸಿಂಬಳಕ್ಕ ಯಾರ್ ಬಾಯಿ ಹಚ್ತಾರ!" ಎಂದಿದ್ದಳು ಆಯಿ.

ಮೊದಲ ದಿನ ಆಯಿ ಸುಮ್ಮನೆ ಹೇಳಲಿಲ್ಲ. ನನ್ನನ್ನು ವಿಚಾರಣೆಗೆ ತೆಗೆದುಕೊಂಡಳು.

"ಮಗಾ, ಯಾವ ನಂಬರಿಗಿ ಸಣ್ಣ ಎಳಿ ಬಂದ್ರ ಆಕಿಗಿ ಖುಷಿ?"

"ನನಗ ಗೊತ್ತಿಲ್ಲ ಆಯಿ."

"ಪೇಪರ್‌ದಾಗ ಇದ್ದೀದಿ, ಏನೂ ಗೊತ್ತಿಲ್ಲ?"

"ಏನೂ ಗೊತ್ತಿರಬಾರದು ಅಂತನೇ ನನ್ನ ಕರ್ಕೊಂಡು ಬಂದಾಳ."

"ಹಂಗಾರ ಬರೋಬ್ಬರಿ ಮಂದಿನ್ನೇ ಹುಡುಕ್ಯಾಳ ಬಿಡು" ಎಂದು ಆಯಿ ಬೆರಳು ಮುಂದೆ ಚಾಚಿದಳು.

ಒಂದನೆಯದು ಎರಡು ಎಳೆ. ಎರಡನೆಯದು ಒಂದೂವರೆ. ಮೂರನೆಯದು "ಎರಡಕ್ಕ ಪಾವು ಕಮ್ಮಿ". ನಾಲ್ಕನೆಯದು ಒಂದು. ಐದನೆಯದು ಮತ್ತೆ ಒಂದೂವರೆ. ನಾನು ಅಕ್ಷರಶಃ ಬರೆದುಕೊಂಡೆ. ಕಲಬುರಗಿಗೆ ಬಂದು ಚಿಗವ್ವ ಚೀಟಿ ತೆಗೆದು ತಾಳೆ ನೋಡಿದಳು. ಎರಡನೆಯ ಸೀಸೆಗೂ ಐದನೆಯದಕ್ಕೂ ಒಂದೇ ಲೋಳೆ ತುಂಬಿದ್ದಳಂತೆ, ತನ್ನ ಅವ್ವನನ್ನು ಪರೀಕ್ಷಿಸಲು! "ಒಂದೂವರಿ, ಒಂದೂವರಿ!" ಎಂದು ಅಡಿಗೆಮನೆಯಿಂದ ಹೊರಕೋಣೆಯ ತನಕ ಓಡಾಡಿದಳು. ಹೆತ್ತವ್ವ ಪಾಸಾದದ್ದಕ್ಕೆ ಹೀಗೆ ಕುಣಿದ ಮಗಳನ್ನು ನಾನು ಬೇರೆ ಕಂಡಿಲ್ಲ.

ಅವಳ ಗೈಡ್ ಮಾತ್ರ ಕುಣಿಯಲಿಲ್ಲ. ಕೋಷ್ಟಕದ ತಲೆಯಲ್ಲಿ "ಅಳತೆಯ ಘಟಕ: ಎಳೆ" ಎಂದಿದ್ದದ್ದನ್ನು ನೋಡಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದು ಡಾಕ್ಟರೇಟ್ ಪ್ರಬಂಧ ಏನವ್ವಾ, ಇಲ್ಲ ಮದುವ್ಯಾಗ ಉಂಡಿ ಮಾಡೋ ಚೀಟಿನೋ?" ಆದರೆ ಮನುಷ್ಯ ನ್ಯಾಯವಂತ. ಒಂದು ಷರತ್ತು ಹಾಕಿದರು. ಆಯಿ ಅತಿ ಸಣ್ಣ ಎಳೆ ಎಂದು ಹೇಳಿದ ಮಾದರಿಯನ್ನೇ ಹೈದರಾಬಾದಿಗೆ ಕಳಿಸಬೇಕು. ಯಂತ್ರವೂ ಅದನ್ನೇ ಹೇಳಿದರೆ ಬೆರಳಿನ ಇಡೀ ಕೋಷ್ಟಕ ಒಪ್ಪುತ್ತೇನೆ, ಇಲ್ಲದಿದ್ದರೆ ಇಲ್ಲ. ಹೀಗೆ ಚಿಗವ್ವನ ಏಳು ವರ್ಷ ಕಮಲಾಪುರದ ಎರಡು ಬೆರಳ ಮೇಲೆ ನಿಂತವು.

ಒಂದೂವರೆ ವರ್ಷ ಐತವಾರಗಳು ಹೀಗೇ ಹೋದವು. ವರ್ಷಕ್ಕೆ ಎರಡು ಸಲ ಕಮಲಾಪುರಕ್ಕೆ ಹೋಗುತ್ತಿದ್ದ ಚಿಗವ್ವ ಈಗ ವಾರ ತಪ್ಪಿಸುತ್ತಿರಲಿಲ್ಲ. ಆಯಿ ಐತವಾರ ಬೆಳಗ್ಗೆಯೇ ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಪಾಕಕ್ಕೆ ಕರೆಯುವುದನ್ನು ಬಿಟ್ಟವರು ಹಾದುಹೋದರೆ "ಈಗ ಕಾಲೇಜಿನವ್ರು ಕರೀತಾರವ್ವಾ, ಪುರಸತ್ತಿಲ್ಲ" ಎಂದು ತಾನೇ ಕೂಗಿ ಹೇಳುತ್ತಿದ್ದಳು. ಆಮೇಲೆ ಸೇರಿಸಿದ, ಅಯೋಡಿನ್ ಅಂಟಿಸಿದ ಕಿಣ್ವದ ಲೋಳೆ, ಯಾವ ನಂಬರು ಹಾಕಿದರೂ, ವಾರ ವಾರ "ಅರ್ಧ ಎಳಿ" ಎಂದೇ ಬರುತ್ತಿತ್ತು. ಮಾಲೆ ಗಿಡ್ಡ ಬಂದಿತ್ತು! ದೀಪಾವಳಿ ಮುಗಿದ ಮೇಲೆ ಆ ಮಾದರಿ ಹೈದರಾಬಾದಿಗೆ ಹೋಯಿತು.

ಸಂಕ್ರಾಂತಿಯ ಹಿಂದಿನ ಐತವಾರ ನಾನು ಕಡ್ಡಿ ಹಿಡಿದು ಹನಿ ಇಡಲು ಹೋದಾಗ ಆಯಿಯ ಹೆಬ್ಬೆರಳ ತುದಿಯಲ್ಲಿ ಒಂದು ಬೊಬ್ಬೆ ಕಂಡಿತು. ದೊಡ್ಡದು, ನೀರು ತುಂಬಿದ್ದು, ಇವತ್ತಿನದೇ.

"ಆಯಿ, ಬೆರಳು ಸುಟ್ಟದಲ್ಲ!"

"ಎಲ್ಲಿ?" ಎಂದಳು ಆಯಿ.

ಸುಳ್ಳು ಹೇಳುವವರ "ಎಲ್ಲಿ" ಬೇರೆ ಇರುತ್ತದೆ, ಅದನ್ನು ನಾನು ದಿನಾ ಕೇಳುತ್ತೇನೆ. ಇದು ಅದಲ್ಲ. ಆಕೆಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಮೇಲೆ ನಾನು ಅವಳ ಕೈಯನ್ನೇ ನೋಡುತ್ತ ಕೂತೆ. ಹನಿ ಹಿಡಿದಳು, ಬಿಡಿಸಿದಳು. ಯಾವಾಗಲೂ ಮಾಡುವಂತೆ ಗೋಡೆಯ ಕಡೆ ತಿರುಗಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಒಂದೂವರೆ ವರ್ಷ ಅದನ್ನು ಮುದುಕಿಯ ಚಾಳಿ ಎಂದು ಬಗೆದಿದ್ದೆ. ಸೆರಗಿನ ಮರೆಯಲ್ಲಿ ಆಕೆ ಹನಿಯನ್ನು ತುಟಿಗೆ ಇಟ್ಟು ಎರಡು ತುಟಿಯ ನಡುವೆ ಎಳೆ ಬಿಡಿಸಿ ನೋಡುತ್ತಿದ್ದಳು. "ಅರ್ಧ" ಎಂದಳು.

ವಾಪಸ್ ಬಸ್ಸಿನಲ್ಲಿ ಚಿಗವ್ವನಿಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಬೊಬ್ಬೆ, "ಎಲ್ಲಿ" ಎಂಬ ಮಾತು, ಸೆರಗು, ತುಟಿ. ಹೊರಗೆ ನೋಡುತ್ತಿದ್ದವಳು ಕಲಬುರಗಿ ಬರುವ ಹೊತ್ತಿಗೆ "ಅದರಾಗ ನಾ ಏನೇನ್ ಹಾಕೀನಿ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಮರುದಿನವೇ ಕಣ್ಣು ತೋರಿಸುವ ನೆಪ ಮಾಡಿ ಆಯಿಯನ್ನು ಕಲಬುರಗಿಗೆ ಕರೆತಂದಳು. ಪರಿಚಯದ ಡಾಕ್ಟರಿಗೆ ಎಲ್ಲವನ್ನೂ ಮೊದಲೇ ಹೇಳಿದ್ದಳು. ಅವರು ಪೊರೆ ನೋಡಿದರು, ರಕ್ತ ತೆಗೆಸಿದರು. ಮಾತಿನ ನಡುವೆ ಕೆಂಬಾಳೆ ಈ ಸಲ ಹ್ಯಾಂಗ್ ಬಂದದ ಎಂದು ಕೇಳಿದರು. ಆಯಿ ಗೊನೆ, ಗಾಳಿ, ಮಂಗ, ದಲ್ಲಾಳಿ ಎಲ್ಲವನ್ನೂ ವರ್ಣಿಸತೊಡಗಿದಳು. ಅಷ್ಟರಲ್ಲಿ ಡಾಕ್ಟರು ಆಕೆಯ ಬಲಗೈ ಹಿಡಿದು, ಬೆರಳ ತುದಿಗೆ ಮೆಲ್ಲಗೆ ಸೂಜಿ ಚುಚ್ಚಿದರು. ಆಯಿ ಮಂಗನ ವಿಷಯ ಮುಂದುವರಿಸಿದಳು. ಇನ್ನೊಂದು ಬೆರಳಿಗೆ ಚುಚ್ಚಿದರು. ಮಂಗ ಗೊನೆ ಹೊತ್ತುಕೊಂಡು ಮಾಳಿಗೆ ಹತ್ತಿತ್ತು. ಚಿಗವ್ವ ಬಾಗಿಲ ಹತ್ತಿರ ನಿಂತು ಸೂಜಿಯನ್ನೇ ನೋಡುತ್ತಿದ್ದಳು.

ಸೀಸೆಯಿಂದ ಅಪಾಯವೇನೂ ಆಗಿರಲಿಲ್ಲ. ಇದ್ದದ್ದು ಸಕ್ಕರೆ ಕಾಯಿಲೆ, ಅದು ಬೆರಳ ತುದಿಯ ನರಗಳನ್ನು ತಿಂದಿತ್ತು. ಎಷ್ಟು ದಿನದಿಂದ ಎಂದರೆ ವರ್ಷದಿಂದ ಇರಬಹುದು, ಎರಡು ವರ್ಷದಿಂದಲೂ ಇರಬಹುದು. ಬೆರಳಿನ ಮಾತು ಆಯಿಯ ಎದುರು ಯಾರೂ ಎತ್ತಲಿಲ್ಲ. ಸಕ್ಕರೆ ಕಾಯಿಲೆ ಎಂದಷ್ಟೇ ಹೇಳಿದರು. ಆಕೆ ನಕ್ಕಳು. "ನನ್ನ ಮಗಳು ಸಕ್ಕರಿ ಸಪ್ಪಗ ಮಾಡ್ತಾಳ್ರಿ ಡಾಕ್ಟ್ರೇ. ನನ್ನ ಮೈಯಾಗಿಂದೂ ಮಾಡ್ಲಿ!"

ಫೆಬ್ರವರಿಯಲ್ಲಿ ಹೈದರಾಬಾದಿನಿಂದ ಲಕೋಟೆ ಬಂತು. ಅಯೋಡಿನ್ ಮಾದರಿಯಲ್ಲಿ ಮಾಲೆ ನಿಜವಾಗಿಯೂ ಗಿಡ್ಡ! ಯಂತ್ರವೂ ಆಯಿಯೂ ಒಂದೇ ಮಾತು ಹೇಳಿದ್ದರು. ಗೈಡ್ ತಾವೇ ಮನೆಗೆ ಬಂದರು, ಪೇಢಾ ತಂದಿದ್ದರು. "ಒಪ್ಪಿಸಿಬಿಡವ್ವಾ, ಇನ್ನ ಒಂದೂವರಿ ತಿಂಗಳದ. ಎಳಿ ಅಂತನೇ ಇರ್ಲಿ, ನಾ ಮುಂದ ನಿಂತು ಹೇಳ್ತೀನಿ."

ಚಿಗವ್ವ ಬೆರಳಿನ ವಿಷಯವನ್ನೆಲ್ಲ ಹೇಳಿದಳು.

"ಆದ್ರ ಉತ್ತರ ಸರಿ ಬಂದದಲ್ಲ?" ಎಂದರು ಅವರು.

"ಒಂದು ಬಂದದ ಸರ್. ಉಳದದ್ದು ಹ್ಯಾಂಗ್ ಬಂದವ ನನಗ ಗೊತ್ತಿಲ್ಲ. ಬೆರಳು ಯಾವತ್ತ ನಿಂತ್ವು, ತುಟಿ ಯಾವತ್ತ ಹತ್ತಿದ್ವು, ಅದೂ ಗೊತ್ತಿಲ್ಲ. ಗೊತ್ತಿಲ್ಲದ್ದು ಅಳತಿ ಅಲ್ಲ."

"ಅವ್ವಗ ಕೇಳು, ಯಾವಾಗಿಂದ ಅಂತ."

"ಕೇಳಂಗಿಲ್ಲ ಸರ್."

ಪೇಢಾದ ಪೊಟ್ಟಣ ಮೇಜಿನ ಮೇಲೆಯೇ ಉಳಿಯಿತು. ಅವರು ಹೋದ ಮೇಲೆ ಚಿಗವ್ವ ದಪ್ಪ ನೋಟ್‌ಬುಕ್ಕು ತೆಗೆದು, ಮೊದಲ ಐತವಾರದಿಂದ ಕೊನೆಯದರ ತನಕ ಒಂದೊಂದು ಪುಟಕ್ಕೂ ಒಂದೊಂದು ಗೆರೆ ಎಳೆದು, ಪ್ರತಿ ಗೆರೆಯ ಕೆಳಗೆ ಸಹಿ ಮಾಡಿದಳು. ಹಾಳೆ ಹರಿಯಲಿಲ್ಲ. ಅಳಿಸಲಿಲ್ಲ. ಎಲ್ಲವೂ ಓದುವಂತೆಯೇ ಇತ್ತು, ಯಾವುದೂ ಲೆಕ್ಕಕ್ಕಿರಲಿಲ್ಲ. ಮಾರ್ಚ್ ಬಂತು, ಹೋಯಿತು. ನೋಂದಣಿ ರದ್ದಾಯಿತು.

ಕೊನೆಗೆ ಏನಾಯಿತು ಎಂದು ಓದುಗರು ಕೇಳುತ್ತಾರೆ. ಚಿಗವ್ವ ಮತ್ತೆ ಹೆಸರು ಬರೆಸಿದಳು. ಗಾಜಿನ ನಳಿಗೆ ಒಂದು ದಿನ ಬಂದೇ ಬಂತು. ಎಲ್ಲವನ್ನೂ ಮೊದಲಿನಿಂದ ಮಾಡಿ, ನಾಲ್ಕು ವರ್ಷದ ನಂತರ ಅವಳು ಡಾಕ್ಟರ್ ಆದಳು. ಆಯಿಯ ಅಳತೆಗಳನ್ನೂ ನಳಿಗೆಯಿಂದ ತಾಳೆ ನೋಡಿದಳು. ಐದರಲ್ಲಿ ಮೂರರಂತೆ ಸರಿ ಇದ್ದವು, ಎರಡರಂತೆ ತಪ್ಪು. ಎಲ್ಲವೂ ಸರಿಯಿದ್ದವು ಎಂದು ಬರೆದಿದ್ದರೆ ಕೇಳಲು ಚೆನ್ನಾಗಿರುತ್ತಿತ್ತು. ಏನು ಮಾಡಲಿ? ಕೆಂಪು ಪೆನ್ಸಿಲು ಇನ್ನೂ ಅವಳ ಹತ್ತಿರವೇ ಇದೆ.

ನಾನು ಹೇಳಬೇಕೆಂದಿದ್ದದ್ದು ಇದಲ್ಲ, ನೋಂದಣಿ ರದ್ದಾದ ಆ ಏಪ್ರಿಲ್ ತಿಂಗಳ ಒಂದು ಐತವಾರದ ಮಾತು.

ಸಂಕ್ರಾಂತಿಯ ನಂತರ ಕಮಲಾಪುರಕ್ಕೆ ಸೀಸೆ ಹೋಗಿರಲಿಲ್ಲ. ಪರೀಕ್ಷೆ, ಪೇಪರು ತಿದ್ದುವುದು ಎಂದು ಚಿಗವ್ವ ಹೇಳಿ ಕಳಿಸುತ್ತಿದ್ದಳು. ಕೊನೆಗೆ ಕಮಲಾಪುರದ ಬಸ್ ಕಂಡಕ್ಟರ್ ಬಂದು ನಮ್ಮ ಬಾಗಿಲು ಬಡಿದ. "ಬಾಯಿ, ನಿಮ್ಮ ತಾಯಿ ಕೇಳ್ಯಾರ: ನನ್ನ ಕೆಲಸಕ್ಕ ಬ್ಯಾರೇ ಯಾರ್ನರ ಹಚ್ಚಿದಿ ಏನು ಅಂತ."

ಆ ಐತವಾರ ಬೆಳಗ್ಗೆ ನಾನು ಎದ್ದಾಗ ಚಿಗವ್ವ ಒಲೆಯ ಮುಂದೆ ಅಗಸೆ ಬೀಜ ಕುದಿಸುತ್ತಿದ್ದಳು. ಅಗಸೆ ಕುದಿಸಿದರೆ ಗಟ್ಟಿ ಲೋಳೆ ಬಿಡುತ್ತದೆ, ಎಳೆಯೂ ಬರುತ್ತದೆ. ಸಕ್ಕರೆ ಕಾಯಿಲೆಯವರಿಗೂ ಒಳ್ಳೆಯದಂತೆ. ಸೋಸಿ, ಒಂದೊಂದಕ್ಕೆ ಒಂದೊಂದಿಷ್ಟು ಬಿಸಿನೀರು ಸೇರಿಸಿ ಐದು ಸೀಸೆ ತುಂಬಿದಳು. ನಂಬರು ಹಚ್ಚಿದಳು. ಜೀವಮಾನದಲ್ಲಿ ಒಂದು ಅಂಕಿಯನ್ನೂ ಅತ್ತಿತ್ತ ಸರಿಸದ ಹೆಂಗಸು! ನನಗೆ ಸುಮ್ಮನಿರಲಾಗಲಿಲ್ಲ.

"ಚಿಗವ್ವಾ, ಇದು ಖೊಟ್ಟಿ ಸ್ಯಾಂಪಲ್ ಅಲ್ಲೇನು?"

"ಸ್ಯಾಂಪಲ್ ಅಲ್ಲೋ ಇದು" ಎಂದಳು, ಸೀಸೆಯ ಬಾಯಿ ಒರೆಸುತ್ತ. "ಅವ್ವನ ಕೆಲಸ."

ಕಮಲಾಪುರದಲ್ಲಿ ಆಯಿ ಒಗೆದ ಸೀರೆ ಉಟ್ಟು ಕಟ್ಟೆಯ ಮೇಲಿದ್ದಳು. ಚಿಗವ್ವ ಈ ಸಲ ಬಾಳೆಯ ತೋಟಕ್ಕೆ ಹೋಗಲಿಲ್ಲ. ಆಯಿಯ ಎದುರಿಗೇ ಕೂತಳು. ನೋಟ್‌ಬುಕ್ಕನ್ನೂ ನನ್ನ ಕೈಯಿಂದ ತಾನೇ ತೆಗೆದುಕೊಂಡಳು. ನಾನು ಒಂದನೆಯ ಸೀಸೆಯಿಂದ ಹನಿ ಇಟ್ಟೆ. ಆಯಿ ಬೆರಳು ಕೂಡಿಸಿ ಬಿಡಿಸಿದಳು. ಗೋಡೆಯ ಕಡೆ ತಿರುಗಿದಳು, ಸೆರಗು ಬಾಯಿಗೆ ಹೋಯಿತು. ಹೋದದ್ದು ಬೇಗ ಕೆಳಗಿಳಿಯಲಿಲ್ಲ.

"ಯವ್ವಾ, ಇದಕ್ಕ ಅಗಸಿ ವಾಸನಿ ಬರ್ತದಲ್ಲ" ಎಂದಳು ಗೋಡೆಯ ಕಡೆಯಿಂದಲೇ.

"ಎಳಿ ಎಷ್ಟು, ಅದೊಂದು ಹೇಳವ್ವಾ" ಎಂದಳು ಚಿಗವ್ವ. ಧ್ವನಿ ಎಂದಿನಂತೆಯೇ ಇತ್ತು. ಪೆನ್ನು ಹಾಳೆಯ ಮೇಲೆ ತಯಾರಾಗಿತ್ತು.

ಆಯಿ ಇತ್ತ ತಿರುಗಿದಳು. ಪೊರೆ ಕಟ್ಟಿದ ಕಣ್ಣನ್ನು ಮಗಳ ಉಸಿರು ಬರುತ್ತಿದ್ದ ದಿಕ್ಕಿಗೆ ಇಟ್ಟಳು. ಒಳಗೆ ಮಾಮಾನ ಮನೆಯವರು ಯಾರೋ ರೊಟ್ಟಿ ಬಡಿಯುತ್ತಿದ್ದರು.

"ಎರಡು" ಎಂದಳು ಕೊನೆಗೆ.

ಚಿಗವ್ವ ಬರೆದುಕೊಂಡಳು. ಎರಡನೆಯದು, ಮೂರನೆಯದು, ಐದೂ ಆದವು. ಎಲ್ಲವನ್ನೂ ಬರೆದು, ಕೆಳಗೆ ತಾರೀಖು ಹಾಕಿ ಸಹಿ ಮಾಡಿದಳು. ನಾನು ಸಾಬೂನು, ಚೊಂಬು ತಂದು ಆಯಿಯ ಕೈಗೆ ನೀರು ಹಾಕಿದೆ. ಆಯಿ ತೊಳೆದ ಕೈಯನ್ನು ಸೆರಗಿಗೆ ಒರೆಸುತ್ತ ಮಗಳ ಕಡೆ ಮುಖ ಮಾಡಿದಳು.

"ಮುಂದಿನ ಐತವಾರ ಇನ್ನ ಈಟು ತೆಳ್ಳಗ ಮಾಡ್ಕೊಂಡ್ ಬಾ ಯವ್ವಾ. ಚೂರು ಉಪ್ಪೂ ಹಾಕು."